ಅಶ್ವಶಕ್ತಿಯ ಅಮಲು ಮತ್ತು ಸಮಬಲದ ಸ್ಪರ್ಧೆ

ಕಾಪುವಿನಿಂದ ಉಡುಪಿಯ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 66 ಚತುಷ್ಪಥವಾದ ಬಳಿಕ ನಮ್ಮ ಯುವಕರ ಒಂದು ವರ್ಗಕ್ಕೆ ಹೊಸ ಅಮಲೊಂದು ಹತ್ತಿದೆ. ಸೈಲೆನ್ಸರ್ ಬದಲಿಸಿ, ಎಂಜಿನಿನ ಶಕ್ತಿ ಹೆಚ್ಚಿಸಿಕೊಂಡ ಕಾರುಗಳು ರಾತ್ರಿಯ ಹೊತ್ತು ಒಂದನ್ನೊಂದು ಬೆನ್ನಟ್ಟುತ್ತವೆ. ಮಣಿಪಾಲದ ಏರುರಸ್ತೆಯಲ್ಲೂ, ಕಾರ್ಕಳದ ತಿರುವುಗಳಲ್ಲೂ ಈ ಸದ್ದು ಹೊಸತಲ್ಲ. ಮದುವೆಯ ದಿಬ್ಬಣಗಳಲ್ಲಂತೂ ಕಿಟಕಿಯಿಂದ ಮೈ ಹೊರಚಾಚಿ ಮದುಮಗನ ಕಾರನ್ನು ಹಿಂದಿಕ್ಕುವುದೇ ಸಂಭ್ರಮದ ಅಳತೆಗೋಲು. ಇದರಲ್ಲಿ ಜಾತಿ, ಧರ್ಮದ ಭೇದವಿಲ್ಲ. ಆದರೆ ಗಲ್ಫಿನ ದುಡಿಮೆಯ ಮೇಲೆ ನಿಂತಿರುವ ನಮ್ಮ ಸಮುದಾಯ ಈ ಬಗ್ಗೆ ಸ್ವಲ್ಪ ಹೆಚ್ಚೇ ಯೋಚಿಸಬೇಕಾಗಿದೆ.

ಈ ಓಟದಲ್ಲಿ ಗೆದ್ದವರಾರು? 150 ಅಶ್ವಶಕ್ತಿಯ ಕಾರು 70 ಅಶ್ವಶಕ್ತಿಯ ಕಾರನ್ನು ನೇರ ರಸ್ತೆಯಲ್ಲಿ ಹಿಂದಿಕ್ಕಿದರೆ ಅದರಲ್ಲಿ ಚಾಲಕನ ಪಾಲೇನು? ಬಲಗಾಲನ್ನು ಒತ್ತಿದ್ದಷ್ಟೆ. ಉಳಿದದ್ದೆಲ್ಲವೂ ದುಡ್ಡಿನ ಪಾಲು. ಆ ದುಡ್ಡೂ ಹೆಚ್ಚಾಗಿ ಅಪ್ಪನದ್ದೋ ಅಣ್ಣನದ್ದೋ. ಇದು ಸ್ಪರ್ಧೆಯಲ್ಲ, ಆಸ್ತಿ ಪ್ರದರ್ಶನ. ಅದರ ಬೆಲೆಯನ್ನು ತೆರುವವನು ಮಾತ್ರ ರಸ್ತೆ ದಾಟುವ ಮುದುಕ, ಸ್ಕೂಟರಿನಲ್ಲಿ ಮನೆಗೆ ಮರಳುವ ನರ್ಸ್. ವೇಗ ಗಂಟೆಗೆ 60 ಕಿಲೋಮೀಟರಿನಿಂದ 120ಕ್ಕೆ ಏರಿದಾಗ ವಾಹನದ ಚಲನಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ಡಿಕ್ಕಿಯಾದಾಗ ಆ ಶಕ್ತಿಯೆಲ್ಲ ಯಾವುದಾದರೊಂದು ದೇಹದ ಮೇಲೆ ಇಳಿಯಲೇಬೇಕು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 189ನೇ ಕಲಮು ಸಾರ್ವಜನಿಕ ರಸ್ತೆಯಲ್ಲಿ ರೇಸ್ ಓಡಿಸಿದವರಿಗೆ ಮೂರು ತಿಂಗಳವರೆಗೆ ಸೆರೆವಾಸ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸುತ್ತದೆ. ಆದರೆ ಕಾನೂನು ಅಪರಾಧವನ್ನು ಹೇಳಬಲ್ಲದೇ ಹೊರತು ಸ್ಪರ್ಧೆ ಎಂದರೆ ಏನೆಂದು ಕಲಿಸಲಾರದು.

ಕೆಲವು ಉಪದೇಶಕರು ಕೂಡಲೇ ಆಟವನ್ನೇ ಖಂಡಿಸಿ ಕೈತೊಳೆದುಕೊಳ್ಳುತ್ತಾರೆ. ಇದು ಸರಿಯಾದ ಉತ್ತರವಲ್ಲ. ಇಸ್ಲಾಮ್ ಜೂಜನ್ನು ನಿಷೇಧಿಸಿತು, ದುಂದುವೆಚ್ಚವನ್ನು ಖಂಡಿಸಿತು, ಓಟವನ್ನು ನಿಷೇಧಿಸಲಿಲ್ಲ. ಪ್ರವಾದಿವರ್ಯರು(ಸ) ಸ್ವತಃ ಕುದುರೆ ಓಟಗಳನ್ನು ಏರ್ಪಡಿಸಿದ್ದರು. ಅಬ್ದುಲ್ಲಾ ಇಬ್ನು ಉಮರ್(ರ) ವರದಿ ಮಾಡಿದ, ಸಹೀಹ್ ಬುಖಾರಿಯಲ್ಲಿರುವ ಹದೀಸಿನಲ್ಲಿ ಒಂದು ಸೂಕ್ಷ್ಮ ವಿಚಾರವಿದೆ. ಓಟಕ್ಕೆಂದು ಮೈ ಹದಗೊಳಿಸಿದ ಕುದುರೆಗಳಿಗೆ ಹಫ್ಯಾದಿಂದ ಸನಿಯ್ಯತುಲ್ ವದಾದವರೆಗಿನ ಐದಾರು ಮೈಲಿಗಳ ದಾರಿ. ಹಾಗೆ ಹದಗೊಳಿಸದ ಕುದುರೆಗಳಿಗೆ ಸನಿಯ್ಯದಿಂದ ಬನೂ ಝುರೈಕ್ ಮಸೀದಿಯವರೆಗಿನ ಸುಮಾರು ಒಂದು ಮೈಲಿಯ ದಾರಿ. ಅಂದರೆ ಬಲಿಷ್ಠ ಕುದುರೆಯ ಎದುರು ಸಾಧಾರಣ ಕುದುರೆಯನ್ನು ನಿಲ್ಲಿಸಿ ಅದನ್ನು ಅವಮಾನಿಸಲಿಲ್ಲ. ಸರಿಸಮಾನರನ್ನು ಸರಿಸಮಾನರೊಂದಿಗೇ ಓಡಿಸಲಾಯಿತು. ಇಬ್ನು ಉಮರ್‌ರೂ ಆ ಓಟದಲ್ಲಿ ಭಾಗವಹಿಸಿದ್ದರು.

ನಮ್ಮ ತುಳುನಾಡಿಗೂ ಈ ವಿವೇಕ ಹೊಸತಲ್ಲ. ಕಾರ್ಕಳದ ಮಿಯ್ಯಾರು ಕಂಬಳವನ್ನು ನೋಡಿದವರಿಗೆ ಗೊತ್ತು: ಅಲ್ಲಿ ಎಲ್ಲ ಕೋಣಗಳನ್ನೂ ಒಂದೇ ರಾಶಿಗೆ ಹಾಕುವುದಿಲ್ಲ. ನೇಗಿಲು ಕಿರಿಯ, ನೇಗಿಲು ಹಿರಿಯ, ಹಗ್ಗ ಕಿರಿಯ, ಹಗ್ಗ ಹಿರಿಯ, ಅಡ್ಡಹಲಗೆ, ಕನೆಹಲಗೆ ಎಂದು ವಿಭಾಗಗಳಿವೆ. ಕನೆಹಲಗೆಯಲ್ಲಿ ನೀರು ಆರೂವರೆ ಅಥವಾ ಏಳೂವರೆ ಕೋಲು ಎತ್ತರದ ನಿಶಾನೆಗೆ ಚಿಮ್ಮಿದರಾಯಿತು. ಪಕ್ಕದ ಕರೆಯವನನ್ನು ಸೋಲಿಸಬೇಕಾಗಿಲ್ಲ. ಕೋಣಗಳ ಮೇಲಿನ ಹಿಂಸೆಯ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2014ರಲ್ಲಿ ಕಂಬಳ ನಿಂತು, 2023ರ ತೀರ್ಪಿನಲ್ಲಿ ಊರ್ಜಿತವಾದದ್ದು ಬೇರೆಯೇ ಚರ್ಚೆ. ಹೋಲಿಕೆಯಲ್ಲಿ ಮಾತ್ರ ಗೆಲುವಿಗೆ ಅರ್ಥ ಬರುತ್ತದೆ, ಹೋಲಿಕೆಗೆ ಸಮಬಲ ಬೇಕು ಎಂಬ ತಿಳಿವಳಿಕೆ ಆ ಕೆಸರಿನಲ್ಲಿತ್ತು ಎಂಬುದಷ್ಟೇ ಇಲ್ಲಿ ಮುಖ್ಯ.

ಭಾರತದ ಮೋಟಾರು ರೇಸಿಂಗ್ ಇದೇ ಪಾಠವನ್ನು ತಡವಾಗಿ ಕಲಿಯಿತು. ಮದರಾಸಿನ ಹೊರವಲಯದ ಶೋಲಾವರಂನ ಹಳೆಯ ವಿಮಾನದಾರಿಯಲ್ಲಿ ನಡೆಯುತ್ತಿದ್ದ ರೇಸುಗಳು ಒಂದು ಕಾಲದಲ್ಲಿ ರಾಜಮನೆತನದವರ, ಉದ್ಯಮಿಗಳ ಮೇಳವಾಗಿದ್ದವು. 1980ರ ದಶಕದ ಆರಂಭದಲ್ಲಿ, ಬಂಟ್ವಾಳ ಮೂಲದ ಮನೆತನದ ವಿಜಯ್ ಮಲ್ಯ ಫಾರ್ಮುಲಾ ಒನ್‌ನ ಎನ್‌ಸೈನ್ ಕಾರನ್ನೇ ತರಿಸಿ ಅಲ್ಲಿ ಓಡಿಸಿದ್ದರು. ವಿದೇಶದಿಂದ ಅಂಥ ಕಾರು ತರಿಸಬಲ್ಲವನೊಡನೆ ಮನೆಯ ಅಂಗಳದಲ್ಲಿ ಫಿಯೆಟ್ ಬಿಚ್ಚಿ ಜೋಡಿಸಿ ತಂದವನು ಏನು ತಾನೇ ಸ್ಪರ್ಧಿಸಿಯಾನು? ಆ ದಶಕದ ಕೊನೆಗೆ ಕೊಯಮತ್ತೂರಿನ ಎಸ್. ಕರಿವರ್ಧನ್ ಬೇರೆ ದಾರಿ ಹಿಡಿದರು. ಸಾಮಾನ್ಯ ಮಾರುತಿ 800 ಕಾರಿನ 796 ಸಿಸಿ ಎಂಜಿನನ್ನು ಕೂರಿಸಿ, ಒಂಟಿ ಆಸನದ ಅಗ್ಗದ ರೇಸ್ ಕಾರುಗಳನ್ನು ತಯಾರಿಸಿದರು. ಅದೇ ಫಾರ್ಮುಲಾ ಮಾರುತಿ. ನಲವತ್ತು ಅಶ್ವಶಕ್ತಿಯ ಆಸುಪಾಸಿನ ಆ ಪುಟ್ಟ ಎಂಜಿನ್ ರಾಜಕುಮಾರರ ಕಾರುಗಳು ಮಾಡದ್ದನ್ನು ಮಾಡಿತು. 2005ರಲ್ಲಿ ಭಾರತದ ಮೊದಲ ಫಾರ್ಮುಲಾ ಒನ್ ಚಾಲಕನಾದ ನರೇನ್ ಕಾರ್ತಿಕೇಯನ್ ತಮ್ಮ ಆರಂಭದ ರೇಸುಗಳನ್ನು ಓಡಿಸಿದ್ದು ಇದೇ ಕಾರಿನಲ್ಲಿ. ಕರಿವರ್ಧನ್ 1995ರ ವಿಮಾನ ದುರಂತದಲ್ಲಿ ತೀರಿಕೊಂಡರು; ಕೊಯಮತ್ತೂರಿನ ರೇಸ್ ಟ್ರ್ಯಾಕ್ ಇಂದು ಅವರ ಹೆಸರನ್ನು ಹೊತ್ತಿದೆ. ಇಂಗ್ಲೆಂಡಿನಲ್ಲಿ 1967ರಲ್ಲಿ ಆರಂಭವಾದ ಫಾರ್ಮುಲಾ ಫೋರ್ಡ್ ಕೂಡ, ಕಾರಿನ ಬೆಲೆ ಒಂದು ಸಾವಿರ ಪೌಂಡ್ ಮೀರಬಾರದೆಂಬ ಇದೇ ಬಗೆಯ ಕಟ್ಟಳೆಯೊಂದಿಗೆ ಹುಟ್ಟಿತ್ತು.

ಶಕ್ತಿ ಕಡಿಮೆಯಾದರೆ ಆಟ ಸಪ್ಪೆಯಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ನಿಜಸಂಗತಿ ತಿರುವುಮುರುವು. ಬಲವಾದ ಎಂಜಿನ್ ಚಾಲಕನ ತಪ್ಪನ್ನು ಮುಚ್ಚಿಹಾಕುತ್ತದೆ. ತಿರುವಿನಲ್ಲಿ ಅನಾವಶ್ಯಕ ಬ್ರೇಕ್ ಹಾಕಿ ವೇಗ ಕಳೆದುಕೊಂಡರೂ ಮುಂದಿನ ನೇರ ದಾರಿಯಲ್ಲಿ ಪೆಡಲ್ ತುಳಿದು ಅದನ್ನು ಮರಳಿ ಪಡೆಯಬಹುದು. ಸಣ್ಣ ಎಂಜಿನಿನಲ್ಲಿ ಒಮ್ಮೆ ಕಳೆದುಕೊಂಡ ವೇಗ ಸುಲಭವಾಗಿ ಮರಳಿ ಬರುವುದಿಲ್ಲ. ಆದ್ದರಿಂದ ಎಲ್ಲಿ ಬ್ರೇಕ್ ಬಿಡಬೇಕು, ಯಾವ ಗೆರೆಯಲ್ಲಿ ತಿರುಗಬೇಕು, ಟಯರಿನ ಹಿಡಿತ ಎಲ್ಲಿ ಸಡಿಲುತ್ತದೆ ಎಂಬುದನ್ನು ಚಾಲಕ ಮೈಯಿಂದಲೇ ಕಲಿಯಬೇಕು. ಎಲ್ಲರ ಕೈಯಲ್ಲೂ ಒಂದೇ ಕಾರಿದ್ದಾಗ ಸೋತವನಿಗೆ ನೆವವಿಲ್ಲ, ಗೆದ್ದವನಿಗೆ ಅಹಂಕಾರಕ್ಕೆ ಕಾರಣವೂ ಇಲ್ಲ.

ಮಣಿಪಾಲದ ಎಂಐಟಿಯ ಫಾರ್ಮುಲಾ ಮಣಿಪಾಲ್ ತಂಡದ ವಿದ್ಯಾರ್ಥಿಗಳಿಗೆ ಈ ಶಿಸ್ತು ಪರಿಚಿತ. ಅವರು ಸ್ಪರ್ಧಿಸುವ ಫಾರ್ಮುಲಾ ಸ್ಟೂಡೆಂಟ್ ಪಂದ್ಯಗಳಲ್ಲಿ ಪೆಟ್ರೋಲ್ ಎಂಜಿನ್ 710 ಸಿಸಿ ಮೀರುವಂತಿಲ್ಲ. ಎಂಜಿನ್ ಉಸಿರಾಡುವ ಗಾಳಿಯೆಲ್ಲ 20 ಮಿಲಿಮೀಟರ್ ಅಗಲದ ಒಂದೇ ಕಂಡಿಯಿಂದ ಹೋಗಬೇಕು. ವಿದ್ಯುತ್ ಕಾರಾದರೆ 80 ಕಿಲೋವ್ಯಾಟ್ ಮಿತಿ. ಒಟ್ಟು 1,000 ಅಂಕಗಳಲ್ಲಿ 325 ಅಂಕಗಳು ಕಾರು ಓಡುವ ಮೊದಲೇ, ವಿನ್ಯಾಸ, ವೆಚ್ಚ ಮತ್ತು ವ್ಯವಹಾರ ಯೋಜನೆಗಾಗಿ ನಿಗದಿಯಾಗಿವೆ. ಒಂದೇ ಊರಿನಲ್ಲಿ ಎರಡು ಲೋಕಗಳಿವೆ: ಕಾರ್ಯಾಗಾರದಲ್ಲಿ ಮಿತಿಯೊಳಗೆ ತಲೆ ಓಡಿಸುವವರು, ಹೊರಗಿನ ರಸ್ತೆಯಲ್ಲಿ ಮಿತಿಯಿಲ್ಲದೆ ಕಾರು ಓಡಿಸುವವರು.

ಆದರೆ 'ಅಗ್ಗದ ರೇಸಿಂಗ್' ಎಂಬ ಮಾತನ್ನೂ ವಿಮರ್ಶೆಯಿಲ್ಲದೆ ಒಪ್ಪಬೇಕಾಗಿಲ್ಲ. ಎಂಜಿನ್ ಒಂದೇ ಆದರೂ ದುಡ್ಡು ಬೇರೆ ಬಾಗಿಲಿನಿಂದ ಒಳಬರುತ್ತದೆ. ದಿನಕ್ಕೊಂದು ಜೊತೆ ಹೊಸ ಟಯರ್ ಹಾಕಬಲ್ಲವನು, ತಿಂಗಳಿಡೀ ಟ್ರ್ಯಾಕ್ ಬಾಡಿಗೆಗೆ ಪಡೆದು ಅಭ್ಯಾಸ ಮಾಡಬಲ್ಲವನು ಮತ್ತೆ ಮುಂದಿರುತ್ತಾನೆ. ಕಂಬಳದ ಕೋಣಗಳ ಬೆಲೆ ಲಕ್ಷಗಳಿಗೆ ಏರಿ ಸಾಧಾರಣ ಗೇಣಿದಾರನ ಮಗ ಕರೆಯ ಬದಿಯ ಪ್ರೇಕ್ಷಕನಾದದ್ದೂ ಹೀಗೆಯೇ. ಎಂಜಿನಿಗೆ ಸೀಲು, ಟಯರಿಗೆ ಲೆಕ್ಕ, ಅಭ್ಯಾಸದ ದಿನಗಳಿಗೆ ಮಿತಿ, ಇಷ್ಟೂ ಇಲ್ಲದಿದ್ದರೆ ಸಮಬಲ ಬರೀ ಹೆಸರಿಗಷ್ಟೆ. ಅದಕ್ಕಿಂತ ದೊಡ್ಡ ಅಡ್ಡಿ ದೂರ. ದಕ್ಷಿಣ ಭಾರತದ ಹೆಸರಾಂತ ಹಳೆಯ ಟ್ರ್ಯಾಕ್‌ಗಳೆರಡೂ ಶ್ರೀಪೆರಂಬುದೂರು ಮತ್ತು ಕೊಯಮತ್ತೂರಿನಲ್ಲಿವೆ. ಕಾಪುವಿನ ಹುಡುಗನಿಗೆ ಅಲ್ಲಿಗೆ ಹೋಗಿಬರುವ ಖರ್ಚೇ ಮೊದಲ ಸೋಲು.

ಹಾಗಿದ್ದೂ ನಮ್ಮ ನೆಲದಲ್ಲಿ ಪ್ರತಿಭೆಗೆ ಕೊರತೆಯಿಲ್ಲ. ಉಡುಪಿಯ ಅರವಿಂದ್ ಕೆ.ಪಿ. ಬೈಕಿನಲ್ಲಿ 2019ರ ಡಾಕರ್ ರ‍್ಯಾಲಿಯನ್ನು ಪೂರೈಸಿದರು. ಕಾಸರಗೋಡಿನ ಮೂಸಾ ಶರೀಫ್ ರ‍್ಯಾಲಿ ಕಾರುಗಳ ಸಹಚಾಲಕನಾಗಿ ಹಲವು ಬಾರಿ ರಾಷ್ಟ್ರೀಯ ಚಾಂಪಿಯನ್ ಆದರು. ಸಹಚಾಲಕನ ಕೈಯಲ್ಲಿ ಸ್ಟಿಯರಿಂಗ್ ಇರುವುದಿಲ್ಲ. ದಾರಿಯ ಟಿಪ್ಪಣಿ ಮತ್ತು ಗಡಿಯಾರ ಇರುತ್ತವೆ. ಲೆಕ್ಕಾಚಾರ, ತಾಳ್ಮೆ, ನಂಬಿಕೆಯೂ ರೇಸಿಂಗೇ ಎಂಬುದನ್ನು ನಮ್ಮ ಹುಡುಗರಿಗೆ ಯಾರು ಹೇಳಿದ್ದಾರೆ?

ಆದ್ದರಿಂದ ಬೇಡಿಕೆ ಸ್ಪಷ್ಟವಾಗಿರಲಿ. ಜಿಲ್ಲೆಯಲ್ಲಿ ಒಂದು ಸಮತಟ್ಟಾದ ಮೈದಾನ, ಗುರುತಿನ ಕೋನುಗಳು, ಒಂದು ಗಡಿಯಾರ, ಒಂದು ಆಂಬುಲೆನ್ಸ್, ಹೆಲ್ಮೆಟ್ ಕಡ್ಡಾಯ ಇಷ್ಟಿದ್ದರೆ ಆಟೋಕ್ರಾಸ್ ನಡೆಸಬಹುದು. ಅಲ್ಲಿ ಒಮ್ಮೆಗೆ ಒಂದೇ ಕಾರು ಓಡುತ್ತದೆ. ಹಳೆಯ ಆಲ್ಟೊ ಆಲ್ಟೊಗಳೊಡನೆ ಮಾತ್ರ ಸ್ಪರ್ಧಿಸುತ್ತದೆ. ಲಕ್ಷಾಂತರ ರೂಪಾಯಿ ಸುರಿದು ವಾರ್ಷಿಕೋತ್ಸವ ನಡೆಸುವ ನಮ್ಮ ಯುವಕ ಸಂಘಗಳು, ಜಮಾಅತ್‌ಗಳು, ಕಾಲೇಜುಗಳು ಕೂಡಿದರೆ ಇದು ದೊಡ್ಡ ಮಾತಲ್ಲ. ಹೆದ್ದಾರಿಯಲ್ಲಿ ಹುಡುಗರನ್ನು ಬೈಯುವ ಹಿರಿಯರು, ಅವರಿಗೆ ಬೇರೆ ಅಂಗಳವನ್ನು ಕೊಟ್ಟಿದ್ದೇವೆಯೇ ಎಂದೂ ಕೇಳಿಕೊಳ್ಳಬೇಕು.

ಪ್ರವಾದಿವರ್ಯರ(ಸ) ಅದ್‌ಬಾ ಎಂಬ ಹೆಣ್ಣೊಂಟೆಯನ್ನು ಯಾವ ಒಂಟೆಯೂ ಹಿಂದಿಕ್ಕಿರಲಿಲ್ಲ. ಒಂದು ದಿನ ಹಳ್ಳಿಗಾಡಿನ ಅರಬನೊಬ್ಬ ತನ್ನ ಎಳೆಯ ಒಂಟೆಯ ಮೇಲೆ ಬಂದು ಅದನ್ನು ಸೋಲಿಸಿದ. ಸಹಾಬಿಗಳಿಗೆ ನೋವಾಯಿತು. ಪ್ರವಾದಿವರ್ಯರು(ಸ) ಮಾತ್ರ, ಲೋಕದಲ್ಲಿ ಮೇಲೇರಿದ್ದನ್ನು ಕೆಳಗಿಳಿಸುವುದು ಅಲ್ಲಾಹನ ನಿಯಮವೆಂದು ತಿಳಿಸಿ ಆ ಸೋಲನ್ನು ಸಮಾಧಾನದಿಂದ ಸ್ವೀಕರಿಸಿದರು. ಸೋಲನ್ನು ಹೀಗೆ ಸ್ವೀಕರಿಸುವ ಮನಸ್ಸನ್ನು ಕಲಿಸದ ಯಾವ ಎಂಜಿನೂ, ಎಷ್ಟೇ ಅಶ್ವಶಕ್ತಿಯದ್ದಾದರೂ, ನಮ್ಮ ಮಕ್ಕಳನ್ನು ಮುಂದಕ್ಕೆ ಒಯ್ಯಲಾರದು.