ಹೋದ ವರ್ಷದ ಬೆಲೆ

ಶಿಕಾರಿಪುರ, ಸೊರಬದ ಕಡೆ ಶುಂಠಿ ಹಾಕುವವರು ಹೋದ ವರ್ಷದ ಬೆಲೆ ನೋಡಿ ಹಾಕುತ್ತಾರೆ. 2023ರಲ್ಲಿ 60 ಕೆಜಿ ಚೀಲಕ್ಕೆ 20 ಸಾವಿರ ರೂಪಾಯಿ ದಾಟಿದ ಸುದ್ದಿ ಕೇಳಿ ಗದ್ದೆಗೂ ಶುಂಠಿ ಇಳಿಸಿದವರಿದ್ದಾರೆ. ಅವರ ಬೆಳೆ ಕೀಳುವ ಹೊತ್ತಿಗೆ ಆ ಬೆಲೆ ಇರಲಿಲ್ಲ. ಮಕ್ಕಳನ್ನು ಎಂ.ಎಸ್. ಓದಲು ಹೊರದೇಶಕ್ಕೆ ಕಳಿಸುವ ರೂಢಿಯೂ ನಮ್ಮಲ್ಲಿ ಹೀಗೇ ಬೆಳೆದಿದೆ. 2021ರಲ್ಲಿ ಐಟಿ ಕಂಪನಿಗಳು ಕೇಳಿದಷ್ಟು ಸಂಬಳ ಕೊಟ್ಟು ಜನರನ್ನು ತೆಗೆದುಕೊಂಡವು. ಪಕ್ಕದೂರಿನ ಹುಡುಗನಿಗೆ ಕೆಲಸ ಆಯಿತಂತೆ ಎಂದು ಕೇಳಿ 2022ರಲ್ಲಿ ವಿಮಾನ ಹತ್ತಿದವರು 2024ರಲ್ಲಿ ಪದವಿ ಹಿಡಿದು ಹೊರಬಂದರು. ಅಷ್ಟರಲ್ಲಿ ಅವೇ ಕಂಪನಿಗಳು ಇದ್ದವರನ್ನೇ ಮನೆಗೆ ಕಳಿಸತೊಡಗಿದ್ದವು.

ಹೋಗಬಾರದು ಎನ್ನುವವನಲ್ಲ ನಾನು. ಈ ರೂಢಿಯಲ್ಲಿ ಒಂದು ದೊಡ್ಡ ಧೈರ್ಯವಿದೆ. ಹಳ್ಳಿ ಶಾಲೆಯಲ್ಲಿ ಕಲಿತವಳೊಬ್ಬಳು ಡಬ್ಲಿನ್ನಿನಲ್ಲೋ ಡಲ್ಲಾಸಿನಲ್ಲೋ ಒಬ್ಬಳೇ ಮನೆ ಹಿಡಿದು ಅಡುಗೆ ಮಾಡಿಕೊಂಡು ಪರೀಕ್ಷೆ ಬರೆಯುವುದು ಸಣ್ಣ ಮಾತಲ್ಲ. ಆದರೆ ಸೀಟು, ಸಾಲ, ವೀಸಾ, ಟಿಕೆಟ್ಟು, ಕೊನೆಗೆ ಚಟ್ನಿಪುಡಿಯ ತೂಕದವರೆಗೆ ಎಲ್ಲ ಲೆಕ್ಕ ಹಾಕುವ ಮನೆಗಳು, ಆ ಸಾಲ ತೀರಿಸಬೇಕಾದ ಕೆಲಸದ ಬಗ್ಗೆ ಮಾತ್ರ "ಹೋದ ಮೇಲೆ ಸಿಗ್ತದೆ ಬಿಡಿ" ಎಂದು ಸುಮ್ಮನಾಗುತ್ತವೆ. ನನ್ನ ಆಕ್ಷೇಪ ಇರುವುದು ಇಲ್ಲಿ.

ಸಾಲದ ಕಥೆಯನ್ನೇ ನೋಡಿ. ಎಷ್ಟೇ ಒಳ್ಳೆಯ ಅಡಿಕೆ ತೋಟವಿದ್ದರೂ ಶಿಕ್ಷಣ ಸಾಲಕ್ಕೆ ಅದನ್ನು ಅಡವಿಟ್ಟುಕೊಳ್ಳಲು ಬ್ಯಾಂಕುಗಳು ಹಿಂಜರಿಯುತ್ತವೆ. ಸುಸ್ತಿಯಾದ ಸಾಲಕ್ಕೆ ನ್ಯಾಯಾಲಯದ ಮೆಟ್ಟಿಲು ಹತ್ತದೆ ಆಸ್ತಿ ಹಿಡಿಯಲು ದಾರಿ ಕೊಡುವ 2002ರ ಸರ್ಫೇಸಿ ಕಾಯ್ದೆ ಕೃಷಿಭೂಮಿಗೆ ಅನ್ವಯಿಸುವುದಿಲ್ಲ. ಬಗರ್ ಹುಕುಂ ಜಮೀನಾದರೆ ತೋರಿಸಲು ಪತ್ರವೇ ಇಲ್ಲ. ಹಾಗಾಗಿ ಇರುವ ಮನೆ, ಶಿವಮೊಗ್ಗದಲ್ಲಿ ಕೊಂಡಿಟ್ಟ ಸೈಟು ಅಡವಿಗೆ ಹೋಗುತ್ತವೆ. ಅದೂ ಇಲ್ಲದವರು ಹೆಚ್ಚು ಬಡ್ಡಿಯ ಖಾಸಗಿ ಫೈನಾನ್ಸಿಗೆ ಹೋಗುತ್ತಾರೆ. 40 ಲಕ್ಷಕ್ಕೆ ಶೇ. 12ರಂತೆ ವರ್ಷದ ಬಡ್ಡಿಯೇ 4 ಲಕ್ಷದ 80 ಸಾವಿರ. ಕ್ವಿಂಟಲ್ ರಾಶಿ ಅಡಿಕೆಗೆ 50 ಸಾವಿರ ಹಿಡಿದರೂ ಒಂಬತ್ತೂವರೆ ಕ್ವಿಂಟಲಿಗಿಂತ ಹೆಚ್ಚು ಬಡ್ಡಿಗೇ ಹೋಯಿತು. ಓದುವಾಗ ಕಂತು ಕೇಳುವುದಿಲ್ಲ ಎಂದರೆ ಬಡ್ಡಿ ಬೆಳೆಯುವುದಿಲ್ಲ ಎಂದಲ್ಲ.

ಇನ್ನು ಅಲ್ಲಿಯ ಗಡಿಯಾರ. ಅಮೆರಿಕದಲ್ಲಿ ಪದವಿ ಮುಗಿದವರಿಗೆ ಒಪಿಟಿ ಎಂಬ 12 ತಿಂಗಳ ಕೆಲಸದ ಅನುಮತಿ ಸಿಗುತ್ತದೆ. ವಿಜ್ಞಾನ, ಎಂಜಿನಿಯರಿಂಗ್ ಓದಿದವರಿಗೆ ಇನ್ನೂ 24 ತಿಂಗಳು ಸಿಗಬಹುದು. ಆದರೆ ಮೊದಲ ವರ್ಷದಲ್ಲಿ ಕೆಲಸವಿಲ್ಲದ ದಿನಗಳು ಒಟ್ಟು 90 ದಾಟುವಂತಿಲ್ಲ. ಆಮೇಲೆ ಎಚ್-1ಬಿ ಲಾಟರಿ. ವರ್ಷಕ್ಕೆ ಇರುವುದು 85 ಸಾವಿರ ವೀಸಾ. 2025ರ ಆರ್ಥಿಕ ವರ್ಷಕ್ಕೆ ಅರ್ಹವೆಂದು ಎಣಿಸಿದ ನೋಂದಣಿಗಳೇ ಸುಮಾರು 4.7 ಲಕ್ಷ. 2025ರ ಸೆಪ್ಟೆಂಬರಿನಲ್ಲಿ, ದೇಶದ ಹೊರಗಿರುವವರಿಗಾಗಿ ಹಾಕುವ ಹೊಸ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕವೂ ಬಂತು. ಊರಿಗೆ ವಾಪಸಾಗಿ ಮತ್ತೆ ಪ್ರಯತ್ನಿಸುವ ದಾರಿ ಇದರಿಂದ ಇನ್ನೂ ಕಿರಿದಾಯಿತು.

ಬ್ರಿಟನ್ನಿನ ಒಂದು ವರ್ಷದ ಎಂ.ಎಸ್ಸಿ. ಕಡಿಮೆ ಖರ್ಚಿನದೆಂದು ನಮ್ಮವರಿಗೆ ಪ್ರಿಯ. ಅಲ್ಲಿ ಹುಡುಗರು ಸೆಪ್ಟೆಂಬರಿನಲ್ಲಿ ಇಳಿದು ಬಾಡಿಗೆ ಕೋಣೆ ಹುಡುಕುತ್ತಿರುವಾಗಲೇ ದೊಡ್ಡ ಕಂಪನಿಗಳು ಮುಂದಿನ ವರ್ಷದ ನೇಮಕಾತಿಗೆ ಅರ್ಜಿ ಕರೆಯುತ್ತವೆ. ಚಳಿಗಾಲ ಮುಗಿಯುವಷ್ಟರಲ್ಲಿ ಹಲವು ಬಾಗಿಲು ಮುಚ್ಚಿರುತ್ತವೆ. ಇಲ್ಲಿ ಯಾರೂ ಇದನ್ನು ಮೊದಲೇ ಹೇಳುವುದಿಲ್ಲ. ಕೆಲಸದ ವೀಸಾಕ್ಕೆ ಬೇಕಾದ ಸಾಮಾನ್ಯ ಸಂಬಳದ ಮಿತಿ 2024ರ ಏಪ್ರಿಲಿನಲ್ಲಿ 26,200 ಪೌಂಡಿನಿಂದ 38,700ಕ್ಕೆ, 2025ರ ಜುಲೈನಲ್ಲಿ 41,700ಕ್ಕೆ ಏರಿತು. ಹೊಸಬರಿಗೆ ರಿಯಾಯಿತಿ ಇದ್ದರೂ ಸಣ್ಣ ಕಂಪನಿಗಳು ತಂಟೆಯೇ ಬೇಡವೆನ್ನುತ್ತವೆ. ಜರ್ಮನಿಯ ಲೆಕ್ಕ ನನಗೆ ಹೆಚ್ಚು ನೇರವಾಗಿ ಕಾಣುತ್ತದೆ. ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ, ಪದವಿ ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳು. ಆದರೆ ಭಾಷೆಯನ್ನು ಇಲ್ಲಿಂದಲೇ ಗಟ್ಟಿಮಾಡಿಕೊಂಡು ಹೋಗಬೇಕು. ಆ ಒಂದು ವರ್ಷ ಕಾಯುವ ತಾಳ್ಮೆ ನಮ್ಮ ಮನೆಗಳಿಗೆ ಇಲ್ಲ.

ನಿಯಮಗಳಿಗಿಂತ ಆಳದ ತೊಡಕು ಇನ್ನೊಂದಿದೆ. ಅಲ್ಲಿ ಎಷ್ಟೋ ಕೆಲಸಗಳು ಒಳಗಿರುವವರ ಮಾತಿನಿಂದ, ರೆಫರಲ್‌ನಿಂದ ಸಿಗುತ್ತವೆ. ನಮ್ಮ ಮಕ್ಕಳ ಕಿವಿಗೆ ಅದು ವಶೀಲಿಯಂತೆ ಕೇಳುತ್ತದೆ. ಪರಿಚಯವಿಲ್ಲದವರಿಗೆ ಬರೆದು ನೆರವು ಕೇಳುವುದು, ನಾನು ಇದನ್ನು ಸಾಧಿಸಿದ್ದೇನೆ ಎಂದು ಎದುರು ಕೂತವರಿಗೆ ಹೇಳುವುದು ಅವರು ಬೆಳೆದ ರೀತಿಗೆ ಒಗ್ಗದ ಮಾತು. ತನ್ನ ಹೊಗಳಿಕೆ ತಾನೇ ಮಾಡಿಕೊಳ್ಳಬಾರದೆಂದು ಕಲಿಸಿದವರು ನಾವೇ. ವಶೀಲಿ ಅನರ್ಹನನ್ನು ಒಳಗೆ ಬಿಡುತ್ತದೆ. ರೆಫರಲ್ ಅರ್ಹನ ಅರ್ಜಿಯನ್ನು ಯಾರಾದರೂ ಓದುವಂತೆ ಮಾಡುತ್ತದೆ, ಅಷ್ಟೇ. ಈ ವ್ಯತ್ಯಾಸವನ್ನು ನಮ್ಮ ಕಾಲೇಜುಗಳು ಕಲಿಸಬೇಕಿತ್ತು.

ಅಮೆರಿಕದ ಆ 90 ದಿನ ಕರಗುತ್ತ ಬಂದಾಗ ಕೆಲವು ಕನ್ಸಲ್ಟೆನ್ಸಿಗಳು ಬಾಗಿಲು ತೆರೆಯುತ್ತವೆ. ಇಲ್ಲದ ಮೂರು ವರ್ಷದ ಅನುಭವ ಬರೆದುಕೊಡುತ್ತವೆ, ಸಂದರ್ಶನದಲ್ಲಿ ಬೇರೊಬ್ಬನನ್ನು ಮಾತಾಡಿಸುತ್ತವೆ, ಅದಕ್ಕೆ ಹಣವನ್ನೂ ಕೀಳುತ್ತವೆ. ಸಿಕ್ಕಿಬಿದ್ದರೆ ವೀಸಾ ಕಳೆದುಕೊಳ್ಳುವವನು ಹುಡುಗ. 2019ರಲ್ಲಿ ಮಿಷಿಗನ್ನಿನ ಫಾರ್ಮಿಂಗ್ಟನ್ ವಿಶ್ವವಿದ್ಯಾಲಯ ಎಂಬುದು ಅಮೆರಿಕದ ವಲಸೆ ಅಧಿಕಾರಿಗಳೇ ಹೂಡಿದ ಬಲೆ ಎಂದು ಬಯಲಾಯಿತು. ಮೊದಲ ಸುತ್ತಿನಲ್ಲಿ ಬಂಧಿತರಾದ ಸುಮಾರು 130 ವಿದ್ಯಾರ್ಥಿಗಳಲ್ಲಿ ಬಹುತೇಕ ಎಲ್ಲರೂ ಭಾರತದವರು. ತರಗತಿ ಇಲ್ಲದೆ ಕೆಲಸದ ಅನುಮತಿ ಸಿಗುತ್ತದೆಂಬ ಆಸೆಯೇ ಅದರ ಗಾಳ. ನಮ್ಮ 1983ರ ಎಮಿಗ್ರೇಷನ್ ಕಾಯ್ದೆ ಹೊರದೇಶಕ್ಕೆ ಕೆಲಸಕ್ಕೆ ಕಳಿಸುವ ಏಜೆಂಟರಿಗೆ ನೋಂದಣಿ ಕಡ್ಡಾಯ ಮಾಡಿದೆ. ಓದಲು ಕಳಿಸುವ ಏಜೆಂಟರು ಅದರ ಹಿಡಿತಕ್ಕೆ ಬರುವುದಿಲ್ಲ. ಅವರಲ್ಲಿ ಅನೇಕರಿಗೆ ವಿಶ್ವವಿದ್ಯಾಲಯಗಳೇ ಕಮಿಷನ್ ಕೊಡುತ್ತವೆ. ಅವರ ಸಲಹೆ ಪುಕ್ಕಟೆಯಾಗಿದ್ದರೆ ಕಾರಣ ಅದು.

ಇಷ್ಟೆಲ್ಲ ನಡೆದರೂ ಊರಿಗೆ ಸುದ್ದಿ ಬರುವುದಿಲ್ಲ. ಫೋನಿನಲ್ಲಿ "ಎಲ್ಲ ಚೆನ್ನಾಗಿದೆ ಅಮ್ಮ". ವಾಪಸು ಬಂದವನು ಶಿರಾಳಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರೆ "ರಜೆಗೆ ಬಂದಿದೀನಿ" ಎನ್ನುತ್ತಾನೆ. ಗೆದ್ದವರ ಸುದ್ದಿ ಮಾತ್ರ ಊರು ಸುತ್ತುವುದರಿಂದ ಮುಂದಿನ ಮನೆಯೂ ಹೋದ ವರ್ಷದ ಬೆಲೆ ನಂಬಿಯೇ ಸಹಿ ಹಾಕುತ್ತದೆ.

ಶಿರಾಳಕೊಪ್ಪದಿಂದ ಹೆಚ್ಚು ದೂರವಿಲ್ಲದ ತಾಳಗುಂದದಲ್ಲಿ, ಪ್ರಣವೇಶ್ವರ ಗುಡಿಯ ಮುಂದೆ ಒಂದು ಕಂಬವಿದೆ. ಗುರು ವೀರಶರ್ಮನ ಜೊತೆ ಓದಲೆಂದು ಕಂಚಿಯ ಘಟಿಕೆಗೆ ಹೋದ ಮಯೂರಶರ್ಮ, ಪಲ್ಲವರ ಕುದುರೆ ಸವಾರನೊಂದಿಗೆ ಜಗಳವಾಗಿ, ಅವಮಾನ ತಾಳದೆ ಓದು ಬಿಟ್ಟು ಕತ್ತಿ ಹಿಡಿದದ್ದನ್ನು ಅದು ಹೇಳುತ್ತದೆ. ಅವನ ಕದಂಬ ವಂಶದವರು ಆ ಅವಮಾನವನ್ನು ಮುಚ್ಚಿಡದೆ ಕಲ್ಲಿನಲ್ಲೇ ಕೊರೆಸಿದರು. ರಾಜ್ಯ ಕಟ್ಟಿದವನಾದ್ದರಿಂದ ಹೇಳಲು ಧೈರ್ಯ ಬಂತು ಎನ್ನಬಹುದು. ರಾಜ್ಯ ಸಿಗದೆ ಬಂದ ನಮ್ಮ ಹುಡುಗನನ್ನು "ಕೆಲಸ ಆಯ್ತಾ?" ಎಂದು ಕೇಳುವ ಬದಲು ಜಗಲಿಯಲ್ಲಿ ಕೂರಿಸಿ, ಎಷ್ಟು ಕಡೆ ಅರ್ಜಿ ಹಾಕಿದೆ, ಯಾರು ಏನೆಂದರು, ಸಾಲ ಎಷ್ಟು ಉಳಿದಿದೆ ಎಂದು ಕೇಳಬೇಕು. ಮುಂದಿನ ಸೆಪ್ಟೆಂಬರಿಗೆ ಹೊರಟು ನಿಂತವಳು ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳಲಿ.