ಜೇಬಿನಲ್ಲೊಬ್ಬ ತೋಟಗಾರ

ಹಿತ್ತಿಲಿಗಿಳಿಯುವ ಮುನ್ನ ಅಂಗಿಯ ಜೇಬು ತಡವಿ ನೋಡಿಕೊಳ್ಳುತ್ತೇನೆ: ಮಡಚುವ ಚಾಕು ಇದೆಯೇ? ನನ್ನದು ಒಪಿನೆಲ್, 8ನೇ ನಂಬರು. ಫ್ರಾನ್ಸಿನ ಸವಾಯ್ ಸೀಮೆಯಲ್ಲಿ 1890ರಲ್ಲಿ ಜೋಸೆಫ್ ಒಪಿನೆಲ್ ರೂಪಿಸಿದ ಚಾಕಿನ ಕುಲ; ಬೀಚ್ ಮರದ ಹಿಡಿ, ಎಂಟೂವರೆ ಸೆಂಟಿಮೀಟರ್ ಅಲಗು. 1955ರಲ್ಲಿ ಸೇರಿಸಿದ ಬಳೆಯನ್ನು ಕೊಂಚ ತಿರುಗಿಸಿದರೆ ಸಾಕು, ಅಲಗು ಬೆರಳ ಮೇಲೆ ಮಡಚಿಕೊಳ್ಳದು.

ಗೊಬ್ಬರದ ಚೀಲದ ಹೊಲಿಗೆ ಬಿಚ್ಚಲು, ಬಳ್ಳಿ ಕಟ್ಟುವ ಬಾಳೆನಾರು ಸೀಳಲು, ಸೊಪ್ಪು ಕೊಯ್ಯಲು ಇದೇ. ದಾಸವಾಳದ ಕಡ್ಡಿಯನ್ನು ಗಿಣ್ಣಿನ ಕೆಳಗೆ ಓರೆಯಾಗಿ ಕೊಯ್ದರೆ ಗಾಯ ನುಣುಪು. ಮೊಂಡು ಕತ್ತರಿಯಂತೆ ತೊಗಟೆ ಜಜ್ಜುವುದಿಲ್ಲ.

ಅಲಗಿನ ಕಾರ್ಬನ್ ಉಕ್ಕು ಸಾಣೆಗೆ ಬೇಗ ಒಲಿಯುತ್ತದೆ, ತುಕ್ಕಿಗೂ ಅಷ್ಟೇ ಬೇಗ. ಸಂಜೆ ಒರೆಸಿ ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿದರೆ ಮುನಿಸಿಲ್ಲ. ದಪ್ಪ ಕೊಂಬೆಗೆ ಮಾತ್ರ ಇದನ್ನು ಕರೆಯಬೇಡಿ. ಅದು ಮಚ್ಚಿನ ಕೆಲಸ.