ಪ್ರಾಚ್ಯ ಕೋಶಾಗಾರದ ಮಂದಿರ

ಪಾರಂಪರಿಕ ಕಟ್ಟಡವೆಂದು ಮನ್ನಣೆ ಪಡೆದಿರುವ ಮೈಸೂರಿನ ಪ್ರಾಚ್ಯ ಕೋಶಾಗಾರವನ್ನು ಹೊಗಳುವವರು ಬಹುಮಟ್ಟಿಗೆ ಅದರ ಮುಂಭಾಗವನ್ನೇ ಹೊಗಳುತ್ತಾರೆ. ಆ ಹೊಗಳಿಕೆ ಅಯುಕ್ತವಲ್ಲ; ಯವನರೀತಿಯ ಕಂಬಗಳೂ ಕಮಾನುಗಳೂ ಗಂಭೀರವಾಗಿಯೇ ಇವೆ. ಆದರೆ ಈ ಗಾಂಭೀರ್ಯವು ಓಲೆಗರಿಗಳಿಗಾಗಿ ಹುಟ್ಟಿದುದಲ್ಲ. ವಿಕ್ಟೋರಿಯಾ ರಾಣಿಯ ಆಳಿಕೆಗೆ ಐವತ್ತು ವರ್ಷ ತುಂಬಿದುದರ ಸ್ಮಾರಕವಾಗಿ 1887ರಲ್ಲಿ ಇದಕ್ಕೆ ಅಸ್ತಿಭಾರವಾಯಿತು. ಕೋಶಾಗಾರವು ಸ್ಥಾಪಿತವಾದುದು 1891ರಲ್ಲಿ, ಚಾಮರಾಜೇಂದ್ರ ಒಡೆಯರ ಕಾಲದಲ್ಲಿ. ಬಾಡಿಗೆಗೆ ಬಂದವನು ಮನೆಯೊಡೆಯನಿಗಿಂತ ದೊಡ್ಡವನಾದ ಇಂತಹ ನಿದರ್ಶನ ಅಪೂರ್ವ! ಗ್ರಂಥಲಿಪಿಯ ಓಲೆಕಟ್ಟೊಂದರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ, ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅದನ್ನು ಅಚ್ಚಿಗೆ ತಂದ ಮೇಲೆ, ರಾಣಿಯ ಉತ್ಸವವನ್ನು ನೆನೆಯುವವರಾರು?

ಆದುದರಿಂದ ಸಂರಕ್ಷಣೆಯೆಂದರೆ ಗೋಡೆಗೆ ಬಣ್ಣ ಬಳಿಯುವುದೆಂಬ ಭಾವನೆಯನ್ನು ನಾವು ಒಪ್ಪಲಾರೆವು. ಉದುರಿದ ಗಾರೆಯನ್ನು ಕುಶಲನಾದ ಕೆಲಸಗಾರನು ಮತ್ತೆ ಮೆತ್ತಬಲ್ಲನು. ಅಳಿದ ಓಲೆಯನ್ನು ಬರೆದು ಕೊಡುವವರಿಲ್ಲ. ಓಲೆಗೆ ಹುಳುವೂ ತೇವವೂ ಶತ್ರುಗಳು. ಹುಳುವಿಗೆ ಸಿಟ್ರೊನೆಲ್ಲ ತೈಲದ ಲೇಪನವುಂಟು. ತೇವಕ್ಕೆ ಮಾಳಿಗೆಯೊಂದೇ ಮದ್ದು. ಈ ಮಂದಿರದ ಗುಣದೋಷಗಳನ್ನು ಪರಿಶೀಲಿಸಹೊರಟವನು ಕಂಬಗಳ ಬಳಿ ಬಹಳ ಹೊತ್ತು ನಿಲ್ಲದೆ, ಮಳೆ ಬಂದ ಮರುದಿನ ಒಳಗೆ ಹೋಗಿ ತಲೆಯೆತ್ತಿ ಮಾಳಿಗೆಯನ್ನು ನೋಡತಕ್ಕದ್ದು.